ತಲೆ ಇಲ್ಲದ ಆಸ್ಪರಾಗಸ್ ರಿಪೋರ್ಟು

ಬೀನ್ಸ್ ಬಿಡಿಸುವುದರಲ್ಲಿ ನಮ್ಮ ಕ್ವಾರ್ಟರ್ಸಿನಲ್ಲೇ ನನ್ನನ್ನು ಮೀರಿಸುವವರಿರಲಿಲ್ಲ. ಸ್ಕೂಲಿನಿಂದ ಬಂದ ಕೂಡಲೇ ಅಮ್ಮ ನನ್ನ ಮುಂದೆ ಒಂದು ಮೊರ ಬೀನ್ಸ್ ಸುರಿಯುತ್ತಿದ್ದಳು. ತುದಿ ಮುರಿ, ತೊಟ್ಟು ಮುರಿ, ನಾರು ಎಳಿ. ಓದಿನಲ್ಲಿ ಇಲ್ಲದ ಏಕಾಗ್ರತೆ ನನಗೆ ಅದರಲ್ಲಿತ್ತು. ಇದೇ ವಿದ್ಯೆ ಮುಂದೆ ಒಂದು ದಿನ ಬೇಗೂರಿನ ಒಬ್ಬ ಹೆಂಗಸಿನ ಬೆಳೆಯ ಮೇಲೆ ಜೆಸಿಬಿ ಹತ್ತಿಸುವ ಮಟ್ಟಕ್ಕೆ ಹೋಗುತ್ತದೆ ಅಂತ ಆಗ ಅಮ್ಮನಿಗೂ ಗೊತ್ತಿರಲಿಲ್ಲ.

ಆಗ ನಾನು ಬೊಮ್ಮಸಂದ್ರದ ಒಂದು ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ಲ್ಯಾಬ್ ಅಂದರೆ ಗಾಜಿನ ಕಟ್ಟಡ ಅಂದುಕೊಳ್ಳಬೇಡಿ. ಕೆಳಗೆ ಲೇತ್ ಮಷಿನ್ನು, ಮೇಲೆ ಶೀಟಿನ ಮಾಡು, ನಡುವೆ ನಾವು. ಕೆಳಗಿನವರು ದೊಡ್ಡ ಕಬ್ಬಿಣಕ್ಕೆ ಕೈ ಹಾಕಿದರೆ ನಮ್ಮ ತಕ್ಕಡಿಯಲ್ಲಿ ಮೂರನೇ ದಶಮಾಂಶ ಕುಣಿಯುತ್ತಿತ್ತು. ಹಾಗಾಗಿ ತೂಕ ಮಾಡುವುದನ್ನೆಲ್ಲ ಅವರ ಟೀ ಟೈಮಿಗೆ ಇಟ್ಟುಕೊಳ್ಳುತ್ತಿದ್ದೆವು. ಹನ್ನೊಂದಕ್ಕೆ ಮತ್ತು ನಾಲ್ಕಕ್ಕೆ ಕೆಳಗೆ ಸದ್ದು ನಿಂತ ಕೂಡಲೇ ನಾವು ತಟ್ಟೆ ಹಿಡಿದು ತಕ್ಕಡಿಗೆ ಓಡುತ್ತಿದ್ದೆವು. ಈಗ ಆ ಲ್ಯಾಬ್ ಇಲ್ಲ. ಈಗ ನಾನು ಕೆಲಸ ಮಾಡುವ ಕಡೆ ತಕ್ಕಡಿಗೇ ಒಂದು ಪ್ರತ್ಯೇಕ ರೂಮಿದೆ, ಒಳಗೆ ಸೀನುವುದಕ್ಕೂ ಭಯವಾಗುತ್ತದೆ. ಆದರೂ ಹನ್ನೊಂದು ಗಂಟೆಗೆ ನನ್ನ ಕಾಲು ತಾನಾಗಿಯೇ ಎದ್ದು ನಿಲ್ಲುತ್ತದೆ.

ನಮ್ಮ ಹಿರಿಯರು ಒಬ್ಬ ಮೇಡಂ. ಮೊದಲು ಒಂದು ಸರ್ಕಾರಿ ಕಾರ್ಖಾನೆಯ ಲ್ಯಾಬಿನಲ್ಲಿದ್ದು, ಅಲ್ಲಿಂದ ಬೇಗ ನಿವೃತ್ತಿ ತಗೊಂಡು ಇಲ್ಲಿಗೆ ಬಂದವರು. ಅವರ ಸಹಿ ಇಲ್ಲದೆ ಒಂದು ರಿಪೋರ್ಟೂ ಹೊರಗೆ ಹೋಗುತ್ತಿರಲಿಲ್ಲ. ಬೈಯುತ್ತಿರಲಿಲ್ಲ, ಅದೇ ಕಷ್ಟ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡುತ್ತಿದ್ದರು. ನಾನು ಸೇರಿದ ಮೊದಲ ವಾರ ಖಾಲಿ ತಟ್ಟೆಯನ್ನು ಮೂರು ಗಂಟೆ ಓವನ್ನಿನಲ್ಲಿ ಒಣಗಿಸಿ, ಸ್ಯಾಂಪಲ್ಲನ್ನು ಟೇಬಲ್ಲಿನ ಮೇಲೇ ಬಿಟ್ಟಿದ್ದೆ. ಆವತ್ತು ಕನ್ನಡಕ ಬಾಯಿಯ ಹತ್ತಿರಕ್ಕೆ ಬಂದಿತ್ತು.

ಒಂದು ಸೋಮವಾರ ಬೇಗೂರಿನಿಂದ ಒಬ್ಬ ಅಕ್ಕ ಬಂದರು. ಸ್ಕೂಟಿಯ ಮುಂದೆ ಒದ್ದೆ ಗೋಣಿಚೀಲ, ಅದರೊಳಗೆ ಎರಡು ಕಟ್ಟು ಹಸಿರು ಕಡ್ಡಿ. ಅವರ ಮನೆತನದ ಜಮೀನೆಲ್ಲ ಅಪಾರ್ಟ್‌ಮೆಂಟಾಗಿ ಹೋಗಿ, ಮನೆ ಹಿಂದೆ ಅರ್ಧ ಎಕರೆ ಉಳಿದಿತ್ತು. ಅದರಲ್ಲಿ ಅವರು ಆಸ್ಪರಾಗಸ್ ಅನ್ನುವ ವಿದೇಶಿ ತರಕಾರಿ ಹಾಕಿದ್ದರು. ನೆಟ್ಟ ವರ್ಷವೇ ಕೊಯ್ಯುವ ಬೆಳೆ ಅಲ್ಲ ಅದು. ಬೇರು ಬಲಿಯಲಿ ಅಂತ ಬರೀ ನೋಡಿಕೊಂಡು ಕೂರಬೇಕು. ಅಕ್ಕ ಮೂರು ವರ್ಷ ನೋಡಿಕೊಂಡು ಕೂತಿದ್ದರು. ಇದು ಮೊದಲ ಸರಿಯಾದ ಕೊಯ್ಲು. ಹೂಡಿಯ ಕಡೆ ಟೆಕ್ ಪಾರ್ಕುಗಳಿಗೆ ಸಲಾಡ್ ಡಬ್ಬಿ ಕೊಡುವ ಒಂದು ಕಂಪನಿ ಇವರ ಮಾಲು ತಗೊಳ್ಳುತ್ತೇವೆ ಅಂದಿತ್ತು, ಆದರೆ ಡಬ್ಬಿಯ ಮೇಲೆ ಪೋಷಕಾಂಶ ಬರೆಯಬೇಕಾದ್ದರಿಂದ ಮೊದಲು ಲ್ಯಾಬ್ ರಿಪೋರ್ಟ್ ಕೇಳಿತ್ತು. ನೀರು, ಪ್ರೋಟೀನ್, ಕೊಬ್ಬು, ನಾರು, ಸುಟ್ಟಾಗ ಉಳಿಯುವ ಖನಿಜದ ಬೂದಿ, ವಿಟಮಿನ್ ಸಿ. ನಾರು ಜಾಸ್ತಿ ಬಂದರೆ ಬಲಿತ ಮಾಲು, ವಿಟಮಿನ್ ಕಮ್ಮಿ ಬಂದರೆ ಹಳೇ ಮಾಲು, ಎರಡಕ್ಕೂ ಬಾಗಿಲು ಬಂದ್.

ಅಕ್ಕನ ಮೈದುನನಿಗೆ ಆ ಜಾಗದಲ್ಲಿ ಹುಡುಗರ ಪಿಜಿ ಕಟ್ಟಿಸುವ ಆಸೆ. ಕಂಪನಿ ಒಪ್ಪಿದರೆ ಬೆಳೆ ಉಳಿಯಲಿ, ಒಪ್ಪದಿದ್ದರೆ ಕಟ್ಟಡ ಏಳಲಿ ಅಂತ ಮನೆಯಲ್ಲಿ ಮಾತಾಗಿತ್ತಂತೆ. ಇದನ್ನೆಲ್ಲ ಅವರು ಫಾರಂ ತುಂಬುತ್ತಾ ನಮ್ಮ ಮೇಡಂಗೆ ಹೇಳಿದ್ದರು. ನಾನು ಪಕ್ಕದಲ್ಲೇ ನಿಂತು ಕೇಳಿದ್ದೆ.

ಸ್ಯಾಂಪಲ್ ನನ್ನ ಕೈಗೆ ಬಂತು. ವಿಧಾನದ ಪುಸ್ತಕದಲ್ಲಿ ಒಂದೇ ಸಾಲು: ತಿನ್ನುವ ಭಾಗವನ್ನು ಬೇರ್ಪಡಿಸಿ, ರುಬ್ಬಿ, ಬೆರೆಸಿ. ನಾನು ಜೀವಮಾನದಲ್ಲಿ ಆಸ್ಪರಾಗಸ್ ತಿಂದಿರಲಿಲ್ಲ. ಆದರೆ ಉದ್ದಗೆ ಹಸಿರಾಗಿರುವ ತರಕಾರಿಗೆ ಏನು ಮಾಡಬೇಕು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೇಲಿನ ತುದಿಯಲ್ಲಿ ಮೊಗ್ಗಿನ ಹಾಗೆ ಪದರ ಪದರ ಇತ್ತು. ಹೂವು ಬಿಡೋಕೆ ಬಂದಿದೆ, ಕಹಿ ಇರುತ್ತದೆ, ಅಂತ ತೀರ್ಮಾನಿಸಿದೆ. ಟಕಟಕ ಅಂತ ಎಲ್ಲ ಕಡ್ಡಿಗಳ ತಲೆ ಮುರಿದೆ. ಬುಡ ಬಿಳಿಯಾಗಿ, ದಪ್ಪಗೆ, ಒಳ್ಳೇ ಮನೆತನದ ಹಾಗೆ ಕಂಡಿತು. ಅದರ ಕೊನೆಯಿಂದ ಉಗುರಿನಷ್ಟು ಚೂರು ಮಾತ್ರ ಬಿಸಾಕಿ, ಉಳಿದದ್ದನ್ನು ಹಾಗೇ ಇಟ್ಟುಕೊಂಡೆ. ಮುರಿದ ತುದಿಗಳನ್ನು ಬಿಸಾಕಲು ಮನಸ್ಸಾಗಲಿಲ್ಲ. ನಮ್ಮ ಸೆಕ್ಯುರಿಟಿ ಅಣ್ಣ ಶೆಡ್ಡಿನ ಹಿಂದೆ ಒಂದು ಮೇಕೆ ಕಟ್ಟಿದ್ದರು, ಅದಕ್ಕೆ ಹಾಕಿ ಬಂದೆ. ಇಡೀ ಇಂಡಸ್ಟ್ರಿಯಲ್ ಏರಿಯಾದಲ್ಲಿ ಆವತ್ತು ಅಷ್ಟು ದುಬಾರಿ ಊಟ ಮಾಡಿದ ಜೀವ ಇನ್ನೊಂದಿರಲಿಲ್ಲ.

ಆಮೇಲಿನದೆಲ್ಲ ನಾನು ಶಾಸ್ತ್ರೋಕ್ತವಾಗಿ ಮಾಡಿದೆ, ಅದೇ ದುರಂತ. ನೂರೈದು ಡಿಗ್ರಿಯಲ್ಲಿ ಒಣಗಿಸಿದೆ, ತೂಗಿದೆ, ಮತ್ತೆ ಒಣಗಿಸಿದೆ, ತೂಕ ಕದಲದೆ ನಿಲ್ಲುವವರೆಗೂ ಬಿಡಲಿಲ್ಲ. ಗಂಧಕಾಮ್ಲದಲ್ಲಿ ಕುದಿಸಿ ಸಾರಜನಕ ಹಿಡಿದೆ, ಆರೂಕಾಲರಿಂದ ಗುಣಿಸಿ ಪ್ರೋಟೀನ್ ತೆಗೆದೆ. ಎಲ್ಲವನ್ನೂ ನೂರರಲ್ಲಿ ಕಳೆದು ಉಳಿದದ್ದಕ್ಕೆ ಕಾರ್ಬೋಹೈಡ್ರೇಟ್ ಅಂತ ಹೆಸರಿಟ್ಟೆ. ಎರಡೆರಡು ಸಲ ಮಾಡಿದರೂ ಅಂಕಿ ಒಂದಕ್ಕೊಂದು ಅವಳಿ ಮಕ್ಕಳ ಹಾಗೆ ಹೊಂದಿಕೊಂಡವು. ಮೇಡಂ ಮೊದಲ ಸಲ ನನ್ನ ಪುಸ್ತಕ ನೋಡಿ ಕನ್ನಡಕ ಮೇಲೇರಿಸಿದರು. ನಾರು ಕಂಪನಿಯ ಮಿತಿಗಿಂತ ಬಹಳ ಮೇಲಿತ್ತು, ವಿಟಮಿನ್ ಸಿ ಬಹಳ ಕೆಳಗಿತ್ತು. ಮಾಲು ಬಲಿತುಹೋಗಿದೆ ಪಾಪ ಅಂದರು. ಸಹಿ ಹಾಕಿದರು. ಮುಂದಿನ ವಾರ ಬುಧವಾರ ಬೆಳಿಗ್ಗೆ ರಿಪೋರ್ಟ್ ಹೋಯಿತು.

ಅದೇ ದಿನ ಮಧ್ಯಾಹ್ನ ಅಕ್ಕ ಬಂದರು. ಜಗಳ ಮಾಡಲು ಬಂದಿದ್ದಾರೆ ಅಂದುಕೊಂಡು ನಾನು ಫ್ರಿಜ್ಜಿನ ಹಿಂದೆ ಸರಿದೆ. ಅವರು ಜಗಳ ಮಾಡಲಿಲ್ಲ. ಮೇಡಂ ಮುಂದಿನ ಕುರ್ಚಿಯಲ್ಲಿ ಕೂತು, ಪ್ರಿಂಟ್ ತೆಗೆಸಿದ ರಿಪೋರ್ಟನ್ನು ಮಡಿಲ ಮೇಲೆ ನೇರ ಮಾಡಿಕೊಂಡು, ಎಲ್ಲಿ ತಪ್ಪಿದೆ ಹೇಳಿ ಅಂತ ಕೇಳಿದರು. ನೀರು ಕಮ್ಮಿಯಾಯಿತಾ, ಗೊಬ್ಬರ ಸಾಲಲಿಲ್ಲವಾ, ಬಿಸಿಲು ಹೆಚ್ಚಾಯಿತಾ. ಕಂಪನಿಯವರು ಬೇಡ ಅಂದಿದ್ದರು. ಮೈದುನ ಭಾನುವಾರಕ್ಕೆ ಜೆಸಿಬಿ ಗೊತ್ತು ಮಾಡಿದ್ದ. ನಾಳೆ ಬೆಳಿಗ್ಗೆ ಈ ಸಲದ ಕೊನೇ ಕೊಯ್ಲು, ಆಮೇಲೆ ಗಿಡವನ್ನು ಬೆಳೆಯಲು ಬಿಡಬೇಕು, ಇನ್ನು ಬಿಟ್ಟರೂ ಒಂದೇ ಬಿಡದಿದ್ದರೂ ಒಂದೇ ಅಂದರು.

"ಮೂರು ವರ್ಷ ಮಗೀನಂಗೆ ನೋಡ್ಕಂಡೆ ಮೇಡಂ. ಮುಟ್ಟಿದ್ರೆ ಎಳೇದಾಗೇ ಇತ್ತು. ನನ್ ಕೈಗೇ ಗೊತ್ತಾಗ್ಲಿಲ್ವಲ್ಲ."

ಅದನ್ನು ಕೇಳಿ ನನಗೂ ಬೇಜಾರಾಯಿತು. ನಿಜ ಹೇಳುತ್ತೇನೆ, ಬೇಜಾರಷ್ಟೇ ಆಯಿತು, ಅನುಮಾನ ಬರಲಿಲ್ಲ. ನೀರು ಕುಡಿಯೋಣ ಅಂತ ಹೊರಗೆ ಬಂದೆ. ಮೆಟ್ಟಿಲ ಹತ್ತಿರ ಸೆಕ್ಯುರಿಟಿ ಅಣ್ಣ ಹಿಡಿದುಕೊಂಡರು.

"ಆವತ್ತು ಕೊಟ್ರಲ್ಲ ಸಾರ್, ಆ ಕಡ್ಡಿ ತಲೆಗಳು, ಇನ್ನಾ ಇದ್ರೆ ಕೊಡಿ. ಬೆಣ್ಣೆ ತಿಂದಂಗೆ ತಿಂತು ನಮ್ ಮೇಕೆ. ಆಮೇಲೆ ನೀವ್ ಬಿಸಾಕಿದ್ರಲ್ಲ ಬುಡದ ಚೂರು, ಅದನ್ನ ಮೂಸೂ ನೋಡ್ಲಿಲ್ಲ."

ಬೆಣ್ಣೆ. ಬುಡ. ಮೂಸಿಯೂ ನೋಡಲಿಲ್ಲ. ನಾನು ಮೂರು ವರ್ಷ ಡಿಗ್ರಿ, ಎರಡು ವರ್ಷ ಎಂಎಸ್ಸಿ ಓದಿ ತಿನ್ನುವ ಭಾಗ ಯಾವುದು ಅಂತ ಗುರುತಿಸಲಾಗದೆ ಇದ್ದದ್ದನ್ನು ಆ ಮೇಕೆ ಒಂದೇ ಸಲಕ್ಕೆ ಗುರುತಿಸಿತ್ತು.

ನೇರವಾಗಿ ಒಳಗೆ ಹೋಗಿ ಒಪ್ಪಿಕೊಂಡೆ ಅಂತ ಬರೆಯಲು ಆಸೆಯಿದೆ. ಆದರೆ ಮೊದಲು ಬಾತ್‌ರೂಮಿಗೆ ಹೋದೆ. ಕನ್ನಡಿ ಮುಂದೆ ನಿಂತು ಮೂರು ಸುಳ್ಳು ತಯಾರು ಮಾಡಿದೆ. ಓವನ್ ಕೆಟ್ಟಿತ್ತು ಅನ್ನುವುದು ಒಂದು. ಕಡ್ಡಿ ಬರುವಾಗಲೇ ತಲೆ ಇರಲಿಲ್ಲ ಅನ್ನುವುದು ಎರಡು. ಮೂರನೆಯದು ಸುಮ್ಮನಿರುವುದು, ಅದು ಎಲ್ಲಕ್ಕಿಂತ ಸುಲಭವಾಗಿತ್ತು. ಇನ್ನೊಂದು ತಿಂಗಳಲ್ಲಿ ನನ್ನ ಪ್ರೊಬೇಷನ್ ಮುಗಿಯುವುದಿತ್ತು. ಅಕ್ಕನಿಗೆ ಅನುಮಾನವೇ ಇರಲಿಲ್ಲ. ಅವರು ತಮ್ಮ ಕೈಯನ್ನೇ ನಂಬದೆ ನನ್ನ ಅಂಕಿಯನ್ನು ನಂಬಿದ್ದರು. ಅದನ್ನು ಯೋಚಿಸಿ ಮೂರನೇ ಸುಳ್ಳನ್ನೂ ಕನ್ನಡಿ ಮುಂದೆಯೇ ಬಿಟ್ಟೆ.

ಒಳಗೆ ಹೋದೆ. ಅಕ್ಕ ಹೊರಡಲು ಎದ್ದಿದ್ದರು.

"ಮೇಡಂ, ಆ ಸ್ಯಾಂಪಲ್ ತಲೇನ ನಾನು ಮೇಕೆಗೆ ಹಾಕ್ಬಿಟ್ಟೆ."

"ಯಾವ ತಲೆ?"

"ಮೇಲ್ಗಡೆ ಮೊಗ್ಗು ಮೊಗ್ಗಾಗಿತ್ತಲ್ಲ. ಬೀನ್ಸ್ ತರ ತುದಿ ಮುರಿಬೇಕು ಅನ್ಕೊಂಡೆ."

ಎಷ್ಟುದ್ದ ಮುರಿದೆ ಅಂತ ಕೇಳಿದರು. ನಾನು ನಾಲ್ಕು ಬೆರಳು ತೋರಿಸಿದೆ. ಮೇಡಂ ನೋಡುತ್ತಲೇ ಇದ್ದರು. ಇನ್ನೊಂದು ಕೈಯಿಂದ ಎರಡು ಬೆರಳು ಸೇರಿಸಿದೆ.

ಅಕ್ಕ ಮತ್ತೆ ಕೂತರು. "ಅಯ್ಯೋ ಪುಣ್ಯಾತ್ಮ," ಅಂದರು ನಿಧಾನವಾಗಿ. "ನಾನು ಮಾರೋದನ್ನೆಲ್ಲ ಮೇಕೆಗೆ ತಿನ್ಸಿ, ಮಿಕ್ಕಿದ್ದನ್ನ ಟೆಸ್ಟ್ ಮಾಡಿದ್ಯೇನಪ್ಪ?"

ಮೇಡಂ ಬೈಯಲಿಲ್ಲ. ತಪ್ಪು ನಡೆದರೆ ತುಂಬುವ ಫಾರಂ ಒಂದಿತ್ತು, ಡ್ರಾಯರಿನಿಂದ ತೆಗೆದು ನನ್ನ ಮುಂದಿಟ್ಟರು. ಏನೇನು ಮಾಡಿದೆಯೋ ಎಲ್ಲ ಬರೆ ಅಂದರು. ಮೇಕೆಯನ್ನು ಬಿಟ್ಟು ಬರೆಯಲಾ ಅಂತ ಕೇಳಿದೆ.

"ಮೇಕೇನೂ ಬರಿ."

ಬರೆದೆ. 'ಮಾದರಿಯ ತುದಿ ಭಾಗವನ್ನು ಮೇಕೆಗೆ ನೀಡಲಾಯಿತು.' ಆಡಿಟ್‌ಗೆ ಬಂದ ಪ್ರತಿಯೊಬ್ಬರೂ ಆ ಸಾಲಿನ ಹತ್ತಿರ ಬಂದಾಗ ಕೆಮ್ಮುತ್ತಿದ್ದರು.

ನಾನು ಬರೆಯುವಷ್ಟರಲ್ಲಿ ಮೇಡಂ ಕಂಪನಿಗೆ ಫೋನ್ ಮಾಡಿ ರಿಪೋರ್ಟ್ ವಾಪಸ್ ತಗೊಂಡಿದ್ದರು. ತಪ್ಪು ನಮ್ಮದು ಅಂತ ಅವರು ಹೇಳಿದ ದನಿ ಈಗಲೂ ಕಿವಿಯಲ್ಲಿದೆ, ನಮ್ಮದು ಅಂದರು, ಹುಡುಗನದು ಅನ್ನಲಿಲ್ಲ. ಶನಿವಾರ ಸಂಜೆಯೊಳಗೆ ಹೊಸ ರಿಪೋರ್ಟ್ ಬಂದರೆ ನೋಡುತ್ತೇವೆ ಅಂದರಂತೆ ಕಂಪನಿಯವರು. ಫ್ರಿಜ್ಜಿನಲ್ಲಿ ಎತ್ತಿಟ್ಟ ಸ್ಯಾಂಪಲ್ ಇತ್ತು, ಆದರೆ ಅದನ್ನೂ ನಾನೇ ರುಬ್ಬಿದ್ದು, ಅದಕ್ಕೂ ತಲೆ ಇರಲಿಲ್ಲ. ಹೊಸ ಕಡ್ಡಿಯೇ ಬೇಕು. ನಾಳೆ ಕೊನೇ ಕೊಯ್ಲು. ನಾರಿನ ಪರೀಕ್ಷೆಗೇ ಎರಡು ದಿನ. ಬೇರೆ ಯಾರಿಗಾದರೂ ಕೊಡುತ್ತಾರೆ ಅಂದುಕೊಂಡೆ.

"ನೀನೇ ಮಾಡು," ಅಂದರು ಮೇಡಂ. "ಇನ್ನೊಬ್ರಿಗೆ ಕೊಟ್ರೆ ಅವ್ರು ಹೊಸ ತಪ್ಪು ಮಾಡ್ತಾರೆ."

ಗುರುವಾರ ಬೆಳಗ್ಗೆ ಬೈಕಿನ ಹಿಂದೆ ಐಸ್ ಬಾಕ್ಸ್ ಕಟ್ಟಿಕೊಂಡು ಬೇಗೂರಿಗೆ ಹೋದೆ. ಮೂರು ಕಡೆ ಅಪಾರ್ಟ್‌ಮೆಂಟು, ನಾಲ್ಕನೇ ಕಡೆ ಅವರ ಮನೆ, ನಡುವೆ ಕೆಂಪು ಮಣ್ಣಿನ ಸಾಲುಗಳು. ಮಣ್ಣಿನಿಂದ ಕಡ್ಡಿಗಳು ಬೆರಳೆತ್ತಿದ ಹಾಗೆ ಎದ್ದು ನಿಂತಿದ್ದವು, ಎಲೆ ಇಲ್ಲ, ಕೊಂಬೆ ಇಲ್ಲ. ಮೇಲೆ ಯಾರದೋ ಬಾಲ್ಕನಿಯಲ್ಲಿ ಒಬ್ಬರು ಹಲ್ಲುಜ್ಜುತ್ತಾ ನೋಡುತ್ತಿದ್ದರು. ಅಕ್ಕನ ಅತ್ತೆ ಜಗುಲಿಯಲ್ಲಿ ಕೂತು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ಇವ್ನೇಯಾ? ತಲೆ ಮುರ್ದೋನು?"

ಹೌದಜ್ಜಿ ಅಂದೆ. ನೋಡೋಕೆ ಅಂಗೇನ್ ಕಾಣಲ್ಲ ಅಂದರು. ಹೊಗಳಿದ್ದೋ ಬೈದದ್ದೋ ಇವತ್ತಿಗೂ ತಿಳಿಯದು.

ಒಂದೇ ಕಡೆಯಿಂದ ಕೊಯ್ಯದೆ, ಪ್ರತಿ ಸಾಲಿನ ಮೊದಲು, ನಡು, ಕೊನೆಯಿಂದ ಆರಿಸಿಕೊಂಡೆ. ದಪ್ಪದ್ದು, ಸಣ್ಣದ್ದು ಎರಡೂ. ಆಮೇಲೆ ಅಕ್ಕ ನನ್ನ ಕೈಗೆ ಒಂದು ಕಡ್ಡಿ ಕೊಟ್ಟರು.

"ಚಾಕು ಬ್ಯಾಡ. ಇಂಗೆ ಎರಡ್ ಕೊನೆ ಇಡ್ಕೊಂಡು ಬಗ್ಸು. ಎಲ್ಲಿಂದ ಗಟ್ಟಿ ಅಂತ ಅದೇ ಹೇಳ್ತದೆ."

ಬಗ್ಗಿಸಿದೆ. ಟಪ್ ಅಂತ ಮುರಿಯಿತು, ನಾನು ಊಹಿಸಿದ್ದಕ್ಕಿಂತ ಬಹಳ ಕೆಳಗೆ. ಮೇಲಿನ ಭಾಗ ಹಸಿಯಾಗೇ ತಿಂದು ನೋಡು ಅಂದರು. ಹಸಿ ಬಟಾಣಿಯ ರುಚಿ, ನೀರು ತುಂಬಿದ ಹಾಗೆ. ನೂರು ಗ್ರಾಮಿನಲ್ಲಿ ತೊಂಬತ್ಮೂರರಷ್ಟು ನೀರೇ ಅಂತ ಪುಸ್ತಕದಲ್ಲಿ ಓದಿದ್ದೆ. ಬಾಯಿಗೆ ಅದು ಆಗ ಅರ್ಥವಾಯಿತು. ಕೆಳಗಿನ ಭಾಗ ಕಬ್ಬಿನ ಸಿಪ್ಪೆಯ ಹಾಗೆ ಹಲ್ಲಿಗೆ ಸಿಕ್ಕಿಕೊಂಡಿತು.

ಬುಡವನ್ನು ಏನು ಮಾಡುತ್ತೀರಿ ಅಂತ ಕೇಳಿದೆ. ಅಜ್ಜಿ ಮಾತಾಡದೆ ಒಳಗೆ ಹೋಗಿ ತಟ್ಟೆ ತಂದಿಟ್ಟರು. ಬಿಸಿ ಮುದ್ದೆ, ಬಸ್ಸಾರು. ಬುಡದ ಸಿಪ್ಪೆ ಹೆರೆದು, ತೊಗರಿಬೇಳೆ ಜೊತೆ ಬೇಯಿಸಿ, ಬಸಿದ ಕಟ್ಟಿನಲ್ಲಿ ಸಾರು, ಉಳಿದದ್ದರಲ್ಲಿ ಪಲ್ಯ. ಕೊಯ್ಲು ಶುರುವಾದಾಗಿನಿಂದ ಮನೆಯಲ್ಲಿ ಎಲ್ಲರಿಗೂ ಅದೇ. ಎರಡು ಮುದ್ದೆ ನುಂಗಿದೆ. ಐಸ್ ಕರಗುತ್ತದೆ ಅಂತ ಅಕ್ಕ ಎಬ್ಬಿಸದಿದ್ದರೆ ಮೂರನೆಯದಕ್ಕೂ ಕೈ ಹಾಕುತ್ತಿದ್ದೆ.

ವಿಟಮಿನ್ ಸಿಗೆ ತಾಳ್ಮೆ ಇಲ್ಲ, ಗಾಳಿ ತಾಗಿದರೆ ಹೊರಟುಹೋಗುತ್ತದೆ. ಲ್ಯಾಬಿಗೆ ಬಂದ ಕೂಡಲೇ ಕಡ್ಡಿಯನ್ನು ಆಮ್ಲದ ನೀರಿನಲ್ಲೇ ರುಬ್ಬಿ, ಸೋಸಿ, ನೀಲಿ ಬಣ್ಣದ ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟೆ. ಹನಿ ಬಿದ್ದಾಗ ಬಣ್ಣ ಮಾಯವಾಗುತ್ತಿರುವಷ್ಟು ಹೊತ್ತೂ ವಿಟಮಿನ್ ಇದೆ ಅಂತ ಅರ್ಥ. ಆಮ್ಲದಲ್ಲಿ ಆ ನೀಲಿ ಗುಲಾಬಿಯಾಗುತ್ತದೆ, ಗುಲಾಬಿ ಹೋಗದೆ ನಿಂತರೆ ವಿಟಮಿನ್ ಮುಗಿಯಿತು. ಹಿಂದಿನ ಸಲ ಬೇಗ ನಿಂತಿತ್ತು. ಈ ಸಲ ಹನಿ ಬಿಡುತ್ತಲೇ ಹೋದೆ, ಬಣ್ಣ ಹೋಗುತ್ತಲೇ ಇತ್ತು. ಮೇಡಂ ಹಿಂದೆ ಬಂದು ನಿಂತದ್ದು ನನಗೆ ಗೊತ್ತಾಗಲಿಲ್ಲ. ಕೊನೆಗೆ ತೆಳು ಗುಲಾಬಿ ನಿಂತು, ಹದಿನೈದು ಸೆಕೆಂಡ್ ಹೋಗದೆ ಇದ್ದಾಗ ಅವರು ಉಸಿರು ಬಿಟ್ಟದ್ದು ಕೇಳಿಸಿತು.

ಶುಕ್ರವಾರ ಬೆಳಗ್ಗೆ ನನಗೆ ಸಾಯುವ ಕಾಯಿಲೆ ಬಂತು. ಬಾತ್‌ರೂಮಿಗೆ ಹೋದರೆ ಮೂತ್ರ ಕೊಳೆತ ಎಲೆಕೋಸಿನ ವಾಸನೆ. ಆಸಿಡ್ ಹೊಗೆ ಕುಡಿದು ಕಿಡ್ನಿ ಹೋಯಿತು ಅಂತ ಖಚಿತವಾಯಿತು. ಅಕ್ಕನ ರಿಪೋರ್ಟ್ ಆದರೂ ಮುಗಿಸಿ ಸಾಯೋಣ ಅಂತ ಮೇಡಂ ಹತ್ತಿರ ಹೋಗಿ, ನನ್ನ ನಂತರ ನಾರಿನ ಫಿಲ್ಟರ್ ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿದೆ. ವಿಷಯ ಬಿಡಿಸಿ ಹೇಳಿದೆ. ಅವರು ಬರೆಯುತ್ತಿದ್ದ ಪುಸ್ತಕದಿಂದ ತಲೆ ಎತ್ತಲಿಲ್ಲ.

"ನಿನ್ನೆ ಆಸ್ಪರಾಗಸ್ ತಿಂದ್ಯಾ? ಅದ್ರಲ್ಲಿರೋ ಗಂಧಕದ್ದು ಅದು. ಹೋಗು, ಸಾಯಲ್ಲ."

ಬಸ್ಸಾರು ತಿಂದ ಸಂಗತಿ ಹೇಳಿದೆ. ಆಗ ಪೆನ್ನು ಕೆಳಗಿಟ್ಟರು. ಫೋಲೇಟ್ ಅನ್ನುವ ವಿಟಮಿನ್ ಇದರಲ್ಲಿ ಚೆನ್ನಾಗಿರುತ್ತದೆ, ಬಸುರಿಯರಿಗೆ ಮಾತ್ರೆ ಕೊಡುತ್ತಾರಲ್ಲ ಅದೇ, ಅದು ಬೇಯಿಸಿದ ನೀರಿಗೆ ಇಳಿದುಹೋಗುತ್ತದೆ, ಜನ ಆ ನೀರು ಚೆಲ್ಲುತ್ತಾರೆ ಅಂದರು. ಬಸಿದ ಕಟ್ಟನ್ನೇ ಸಾರು ಮಾಡುವವರಿಗೆ ಆ ನಷ್ಟವಿಲ್ಲ. ಮತ್ತೆ ಪೆನ್ನು ಎತ್ತಿಕೊಳ್ಳುತ್ತಾ, ನಮ್ಮಮ್ಮನೂ ಮಾಡ್ತಿದ್ರು ಅಂದರು. ಅವರ ಬಾಯಿಂದ ನಾನು ಕೇಳಿದ ಮನೆಯ ಮಾತು ಅದೊಂದೇ.

ಮಧ್ಯಾಹ್ನ ಪ್ರೋಟೀನಿನ ಫ್ಲಾಸ್ಕುಗಳು ಕುದಿಯುತ್ತಿದ್ದಾಗ ಕರೆಂಟ್ ಹೋಯಿತು. ಕಪ್ಪು ರಸ ತಿಳಿಹಸಿರಾಗುವ ಹೊತ್ತಿಗೆ ಸರಿಯಾಗಿ. ಜನರೇಟರ್ ಹಾಕಲು ಓಡಿದೆ, ಡೀಸೆಲ್ ಇರಲಿಲ್ಲ. ಡೀಸೆಲ್ ತರಿಸುವುದು ನನ್ನ ಕೆಲಸವೇ ಆಗಿತ್ತು ಅನ್ನುವುದನ್ನು ಇಲ್ಲಿ ಮೆಲ್ಲಗೆ ಹೇಳಿ ಮುಂದೆ ಹೋಗುತ್ತೇನೆ. ಸೆಕ್ಯುರಿಟಿ ಅಣ್ಣ ಕೆಳಗಿನ ಲೇತ್ ಶೆಡ್ಡಿನಿಂದ ಒಂದು ಕ್ಯಾನ್ ಎತ್ತಿಕೊಂಡು ಬಂದರು. ಮೇಕೆಯ ಋಣ ಅಂದೆ. ಆದರೂ ನಡುವೆ ನಿಂತ ಆ ಬ್ಯಾಚನ್ನು ನಂಬಲಿಲ್ಲ, ಚೆಲ್ಲಿ, ಮೊದಲಿನಿಂದ ತೂಗಿ ಮತ್ತೆ ಇಟ್ಟೆ. ಹಿಂದಿನ ವಾರದ ನಾನಾಗಿದ್ದರೆ ಹಸಿರಾಯಿತಲ್ಲ ಸಾಕು ಅನ್ನುತ್ತಿದ್ದೆ.

ಶನಿವಾರ ನಾಲ್ಕು ಗಂಟೆಗೆ ಕೆಳಗೆ ಸದ್ದು ನಿಂತಿತು. ನಾರಿನ ಕೊನೇ ತೂಕ. ತಕ್ಕಡಿಯ ಬಾಗಿಲು ಹಾಕಿ ಅಂಕಿ ನಿಲ್ಲುವುದನ್ನು ನಾನು, ಮೇಡಂ, ಬಾಗಿಲಲ್ಲಿ ನಿಂತಿದ್ದ ಅಕ್ಕ, ಮೂವರೂ ನೋಡಿದೆವು. ಲೆಕ್ಕ ಹಾಕಿದೆ. ಮಿತಿಯೊಳಗಿತ್ತು. ಎರಡನೇ ತಟ್ಟೆಯೂ ಮಿತಿಯೊಳಗಿತ್ತು. ಮೇಡಂ ಮತ್ತೊಮ್ಮೆ ತಾವೇ ಲೆಕ್ಕ ಹಾಕಿ, ಸಹಿ ಮಾಡಿ, ಕಂಪನಿಗೆ ಕಳಿಸಿದರು. ಐದೂವರೆಗೆ ಅಲ್ಲಿಂದ ಸರಿ ಅಂತ ಫೋನ್ ಬಂತು. ಅಕ್ಕ ಮೈದುನನಿಗೆ ಫೋನ್ ಮಾಡಿ, ಜೆಸಿಬಿಯವನಿಗೆ ಬೇರೆ ಕೆಲಸ ನೋಡಿಕೊಳ್ಳಲು ಹೇಳು ಅಂದರು. ಅಷ್ಟೇ ಅಂದದ್ದು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು.

ಹಳೇ ರಿಪೋರ್ಟಿನ ಮೇಲೆ ಅಡ್ಡಗೆರೆ ಎಳೆಯಲು ಮೇಡಂ ಕೆಂಪು ಪೆನ್ನು ತೆಗೆದರು. ಅಕ್ಕ ಕೈ ಅಡ್ಡ ಇಟ್ಟರು.

"ಅದಕ್ಕೆ ಗೆರೆ ಎಳೀಬೇಡಿ ಮೇಡಂ. ತಲೆ ಹೂಡಿಗೆ ಹೋಗ್ತದೆ. ಬುಡ ನಾವು ತಿನ್ನೋದು. ಇದು ನಮ್ಮನೆ ರಿಪೋರ್ಟು. ನಾವ್ ತಿನ್ನೋದನ್ನ ಇಲ್ಲೀಗಂಟ ಯಾರ್ ಟೆಸ್ಟ್ ಮಾಡವ್ರೆ?"

ಮೇಡಂ ಪೆನ್ನು ಹಿಡಿದು ಯೋಚಿಸಿದರು. ಅಂಕಿಗಳಲ್ಲಿ ತಪ್ಪಿಲ್ಲ, ಮೇಲೆ ಬರೆದ ಹೆಸರು ಮಾತ್ರ ತಪ್ಪು ಅಂದರು. ಹಳೆಯದನ್ನು ನಿಯಮದ ಪ್ರಕಾರ ರದ್ದು ಮಾಡಿ ಫೈಲಿಗೆ ಹಾಕಿದರು. ಅವೇ ಅಂಕಿಗಳಿಗೆ ಹೊಸ ನಂಬರ್ ಕೊಟ್ಟು ಇನ್ನೊಂದು ರಿಪೋರ್ಟ್ ತೆಗೆದರು. ಸ್ಯಾಂಪಲ್ಲಿನ ವಿವರದ ಜಾಗದಲ್ಲಿ 'ಆಸ್ಪರಾಗಸ್, ತುದಿ ತೆಗೆದ ಕಾಂಡ, ಬುಡ ಸಹಿತ' ಅಂತ ಟೈಪ್ ಮಾಡಿಸಿ, ಪರೀಕ್ಷೆ ಮಾಡಿದವರು ಅನ್ನುವ ಕಡೆ ನನ್ನ ಸಹಿ ಹಾಕಿಸಿದರು. ರಿಪೋರ್ಟಿನ ಮೇಲೆ ಅದು ನನ್ನ ಮೊದಲ ಸಹಿ.

ಮುಂದಿನ ವರ್ಷದ ಕೊಯ್ಲಿಗೆ ಸ್ಯಾಂಪಲ್ ತರಲು ಬೇಗೂರಿಗೆ ಹೋದಾಗ ಆ ಹಾಳೆ ಅವರ ಅಡುಗೆಮನೆಯ ಗೋಡೆಯಲ್ಲಿತ್ತು, ಕ್ಯಾಲೆಂಡರಿನ ಪಕ್ಕ, ಅರಿಶಿನದ ಬೆರಳಚ್ಚಿನ ಜೊತೆ. ಅಷ್ಟರಲ್ಲಿ ಮೇಡಂ ಕೆಲಸ ಬಿಟ್ಟಿದ್ದರು. ಸೆಕ್ಯುರಿಟಿ ಅಣ್ಣ ಮೇಕೆ ಸಮೇತ ಊರಿಗೆ ಹೋಗಿದ್ದರು. ಲ್ಯಾಬನ್ನು ಖಾಲಿ ಮಾಡುವ ಮಾತು ಶುರುವಾಗಿತ್ತು. ಅಜ್ಜಿ ಮುದ್ದೆ ಕಟ್ಟುತ್ತಾ, ಅದ್ರಲ್ಲಿ ಏನ್ ಬರ್ದಿದೀಯ ಓದು, ನಮ್ ಸಾರಲ್ಲಿ ಏನೇನೈತೆ ಕೇಳಣ ಅಂದರು.

ಗೋಡೆ ಮುಂದೆ ನಿಂತು ಸ್ಕೂಲ್ ಹುಡುಗನ ಹಾಗೆ ಓದಿದೆ. ನೀರು ಇಷ್ಟು, ಪ್ರೋಟೀನ್ ಇಷ್ಟು, ಕೊಬ್ಬು ಲೆಕ್ಕಕ್ಕಿಲ್ಲದಷ್ಟು, ನಾರು ಇಷ್ಟು, ಬೂದಿ ಇಷ್ಟು. ಅಜ್ಜಿ ಪ್ರತಿಯೊಂದಕ್ಕೂ ಹೂಂಗುಟ್ಟಿದರು. ಮುಗಿದ ಮೇಲೆ ಕತ್ತೆತ್ತಿ ಕೇಳಿದರು.

"ಉಪ್ಪು, ಖಾರ?"

ಅದು ಬರೆದಿಲ್ಲ ಅಜ್ಜಿ ಅಂದೆ.

"ಮತ್ತೇನ್ ಟೆಸ್ಟ್ ಮಾಡ್ದೆ," ಅಂತ ಅವರು ತಟ್ಟೆಯನ್ನು ನನ್ನ ಮುಂದೆ ತಳ್ಳಿದರು. "ಕೂತ್ಕೋ. ತಿಂದ್ ನೋಡಿ ಬರಿ."